ಅವರದು ಭಿನ್ನಮತ, ನಮ್ಮದು ಬ್ಲಾಕ್‌ಮೇಲ್!



2009ನೇ ಇಸವಿಯನ್ನು ಮರೀಬೇಡಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಬಿಜಾಪುರ, ಬಾಗಲಕೋಟೆ, ರಾಯಚೂರು, ಗದಗ ಜಿಲ್ಲೆಗಳಲ್ಲಿ ಊರಿಗೆ ಊರೇ ಮುಳುಗಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ದನ, ಪೈರು, ಮನೆ ನೀರುಪಾಲು. ಪರಿಹಾರಕ್ಕೆಂದು ಒಂದು ಲಾರಿ ಅದಿರಿಗೆ 1000 ರೂಪಾಯಿ ವಸೂಲಿ ಮಾಡಬೇಕೆಂದರು ಮುಖ್ಯಮಂತ್ರಿ ಯಡಿಯೂರಪ್ಪ. ಅವರದೇ ಬಿಜೆಪಿಯ ಬಳ್ಳಾರಿ ಗಣಿಧಣಿಗಳು, ರೆಡ್ಡಿ ಸೋದರರು, ತಿರುಗಿಬಿದ್ದರು. ನೆರೆ ಪರಿಹಾರ ನೋಡಬೇಕಾದ ಕಂದಾಯ ಮಂತ್ರಿ ಕರುಣಾಕರ ರೆಡ್ಡಿಯವರೂ ಅದೇ ಗುಂಪು! ಜನ ಗಂಜಿ ಕೇಂದ್ರದಲ್ಲಿ, ಶಾಸಕರು ಹೈದರಾಬಾದು, ಗೋವಾದ ಹೋಟೆಲು ರೆಸಾರ್ಟುಗಳಲ್ಲಿ.

ಇದು ಬ್ಲಾಕ್‌ಮೇಲ್ ಎಂಬ ಆರೋಪ ಆಗಲೇ ಎದ್ದಿತ್ತು. ಕೊನೆಗೆ ಆದದ್ದೇನು? ನವೆಂಬರಿನಲ್ಲಿ ದೆಹಲಿ ರಾಜಿ. ಶೋಭಾ ಕರಂದ್ಲಾಜೆ ಮಂತ್ರಿ ಪದವಿ ಬಿಟ್ಟರು, ಸ್ಪೀಕರ್ ಜಗದೀಶ ಶೆಟ್ಟರ್ ಮಂತ್ರಿಯಾದರು. ಮುಖ್ಯಮಂತ್ರಿ ಟೀವಿ ಮುಂದೆ ಕಣ್ಣೀರಿಟ್ಟರು.

ಈಗ ನೀವೇ ಹೇಳಿ. ಬೆಲೆ ಕೇಳಿ ನಾವು ಅರ್ಧ ದಿನ ರಸ್ತೆ ತಡೆದರೆ ಅದು ಬ್ಲಾಕ್‌ಮೇಲ್. ನಮಗೆ ಲಾಠಿ, ಕೇಸು. ಅವರು ವಾರಗಟ್ಟಲೆ ಸರ್ಕಾರವನ್ನೇ ತಡೆದರೆ ಅದು ಭಿನ್ನಮತ. ಅವರಿಗೆ ಸಂಧಾನ, ಖಾತೆ, ಕುರ್ಚಿ!

ಅವರ ಗುಟ್ಟೇನು? ಒಂದಿಷ್ಟು ತಲೆಗಳನ್ನು ಚದುರದಂತೆ ಒಂದು ಕಡೆ ಹಿಡಿದಿಟ್ಟರು, ಅಷ್ಟೇ. ಲಕ್ಷಗಟ್ಟಲೆ ತಲೆಗಳಿರೋ ನಾವೋ, ಜಾತಿಗೊಂದು ಪಕ್ಷಕ್ಕೊಂದು ಪಾಲಾಗಿ ಸಾಲದ ನೋಟೀಸಿಗೆ ಒಬ್ಬೊಬ್ಬರೇ ಹೆದರ್ತಾ ಕೂತಿದ್ದೇವೆ. ಅವರ ಮನೆಜಗಳಕ್ಕೆ ನಾವು ಅರಳಿಕಟ್ಟೆ ಮೇಲೆ ಕೈಕೈ ಮಿಲಾಯಿಸೋದು ಬಿಡೋಣ. ಓಟು ಕೇಳೋಕೆ ಬಂದವರನ್ನು ಕೇಳಿ: ಸ್ವಾಮಿ, ನಮ್ಮ ಬೆಳೆಯ ಬೆಲೆಗಾಗಿ ಒಂದು ರಾತ್ರಿಯಾದರೂ ಹೀಗೆ ಒಟ್ಟಾಗಿ ಕೂತಿದ್ದೀರಾ?