ಗೋಡೆಯ ಹಾಡು, ಹಾಡಿಯ ಅರ್ಜಿ

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ, ನಾಗರಹೊಳೆ ಅರಣ್ಯದ ಗೇಟು ತೆರೆಯುವುದನ್ನು ಕಾಯುತ್ತಿದ್ದೆ. ಮುಂದಿದ್ದ ಕಾರಿನಿಂದ ಪಿಂಕ್ ಫ್ಲಾಯ್ಡ್ ತಂಡದ ‘ದಿ ವಾಲ್’ ಧ್ವನಿಮುದ್ರಿಕೆಯ ಪ್ರಸಿದ್ಧ ಹಾಡು ಕೇಳಿಬರುತ್ತಿತ್ತು. ಮಕ್ಕಳನ್ನು ಗೋಡೆಯ ಇಟ್ಟಿಗೆಗಳನ್ನಾಗಿಸುವ ಶಿಕ್ಷಣವನ್ನು ಧಿಕ್ಕರಿಸುವ ಆ ಹಾಡಿಗೆ ಯುವಕರು ದನಿಗೂಡಿಸುತ್ತಿದ್ದರು. ರಸ್ತೆಯ ಅಂಚಿನಲ್ಲಿ ಜೇನುಕುರುಬ ಹೆಣ್ಣುಮಗಳೊಬ್ಬಳು ಅದೇ ಗೇಟಿಗಾಗಿ ಕಾಯುತ್ತಿದ್ದಳು. ಯುವಕರಿಗೆ ಅದು ವಿಹಾರದ ಬಾಗಿಲು. ಆಕೆಗೆ ಹಿರಿಯರು ಬಾಳಿದ ಕಾಡಿಗೆ ಹೋಗಲು ಅನುಮತಿ ಬೇಡಬೇಕಾದ ಸ್ಥಳ.

‘ಪ್ರೋಗ್ರೆಸ್ಸಿವ್ ರಾಕ್’ ಎಂದು ಕರೆಯಲಾಗುವ ಈ ಸಂಗೀತ ಹುಟ್ಟಿದ್ದು 1960ರ ದಶಕದ ಉತ್ತರಾರ್ಧದ ಇಂಗ್ಲೆಂಡಿನಲ್ಲಿ. ವಿಯೆಟ್ನಾಂ ಯುದ್ಧದ ವಿರೋಧ, 1968ರ ಪ್ಯಾರಿಸ್ ವಿದ್ಯಾರ್ಥಿ ದಂಗೆ, ಹಿಪ್ಪಿಗಳ ಪ್ರತಿಸಂಸ್ಕೃತಿ ಇವೆಲ್ಲ ಅದರ ಹಿನ್ನೆಲೆ. ಮೂರು ನಿಮಿಷದ ಜನಪ್ರಿಯ ಗೀತೆಯ ಚೌಕಟ್ಟನ್ನು ಮುರಿದು, ಧ್ವನಿಮುದ್ರಿಕೆಯ ಒಂದು ಮಗ್ಗುಲನ್ನೇ ತುಂಬುವ ದೀರ್ಘ ಕೃತಿಗಳನ್ನು ಈ ತಂಡಗಳು ರಚಿಸಿದವು. 1969ರಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಈ ಪ್ರಕಾರದ ಮೈಲಿಗಲ್ಲೆಂದು ಪರಿಗಣಿಸಲಾಗಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಮುಖ್ಯವೆನಿಸುವ ಸಂಗತಿಯೇ ಬೇರೆ. 1962ರ ಶಿಕ್ಷಣ ಕಾಯ್ದೆಯ ಮೂಲಕ ಬ್ರಿಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಹಣದಿಂದ ಅನುದಾನ ಒದಗಿಸಿತ್ತು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಮೂವರೂ ಲಂಡನ್ನಿನ ಪಾಲಿಟೆಕ್ನಿಕ್ ಒಂದರಲ್ಲಿ ವಾಸ್ತುಶಿಲ್ಪ ಕಲಿಯಲು ಹೋದವರು. ಓದಲು ಅವಕಾಶ, ಯೋಚಿಸಲು ಬಿಡುವು, ಮಾತನಾಡಲು ನಿರ್ಭಯ ವಾತಾವರಣ ಇವಿಷ್ಟೂ ಒದಗಿದಾಗ ಯುವಜನತೆ ತನ್ನನ್ನು ಪೋಷಿಸಿದ ವ್ಯವಸ್ಥೆಯನ್ನೇ ಪ್ರಶ್ನಿಸುತ್ತದೆ. ಇದನ್ನು ಕೃತಘ್ನತೆ ಎನ್ನಲಾಗದು. ಸಾರ್ವಜನಿಕ ಹೂಡಿಕೆಯ ಸಾರ್ಥಕ ಫಲವೆನ್ನಬೇಕು.

ನಮ್ಮಲ್ಲೂ ಹೀಗೆಯೇ ಆಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಭೂಸುಧಾರಣೆಯ ಜೊತೆಗೆ, ಹಿಂದುಳಿದ ವರ್ಗಗಳ ಶಿಕ್ಷಣವೂ ಆಡಳಿತದ ಕಾರ್ಯಸೂಚಿಗೆ ಬಂತು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, ‘ಸಮುದಾಯ’ ಬೀದಿಗಿಳಿಯಿತು. ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಎಲೆಕ್ಟ್ರಿಕ್ ಗಿಟಾರ್ ಇರಲಿಲ್ಲ, ತಮಟೆಯಿತ್ತು. ಕನ್ನಡದ ಪ್ರತಿಸಂಸ್ಕೃತಿ ಯಾವುದೆಂದು ಕೇಳಿದರೆ ನಾನು ಬೆರಳು ತೋರುವುದು ಅತ್ತ.

ಪಾಶ್ಚಾತ್ಯ ಪ್ರತಿಸಂಸ್ಕೃತಿಯನ್ನಾದರೋ ಮಾರುಕಟ್ಟೆ ಬೇಗನೆ ಅರಗಿಸಿಕೊಂಡಿತು. ಹಣದ ದುರಾಸೆಯನ್ನು ಅಣಕಿಸುವ ಗೀತೆಯುಳ್ಳ, 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೋಟ್ಯಂತರ ಪ್ರತಿಗಳಲ್ಲಿ ಮಾರಾಟವಾಯಿತು. ಆದರೂ ಹಾಡಿನ ಕಿಡಿ ಸಂಪೂರ್ಣ ಆರಲಿಲ್ಲ. 1980ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಶಿಕ್ಷಣವನ್ನು ಬಹಿಷ್ಕರಿಸಿದ ವಿದ್ಯಾರ್ಥಿಗಳು ಗೋಡೆಯ ಆ ಹಾಡನ್ನೇ ತಮ್ಮದಾಗಿಸಿಕೊಂಡರು. ಸರ್ಕಾರ ಅದನ್ನು ನಿಷೇಧಿಸಿತು. ದೂರದ ಹಾಡಿನಲ್ಲಿ ಆ ಮಕ್ಕಳು ತಮ್ಮ ಊರಿನ ಗೋಡೆಯನ್ನು ಗುರುತಿಸಿದ್ದರು.

2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದಾಗ ನಮ್ಮ ಸುಶಿಕ್ಷಿತ ಸಮಾಜ ಸಂಭ್ರಮಿಸಿತು. ಆ ಸಂಭ್ರಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾವು ನಮ್ಮ ಗೋಡೆಗಳನ್ನು ಗುರುತಿಸಿದ್ದೇವೆಯೇ? ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಪ್ರೊ. ಮುಜಾಫರ್ ಅಸಾದಿ ಸಮಿತಿಯು 2014ರ ತನ್ನ ವರದಿಯಲ್ಲಿ, ನಾಗರಹೊಳೆಯಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿ ಪುನರ್ವಸತಿಗೆ ಶಿಫಾರಸು ಮಾಡಿತು. 2006ರ ಅರಣ್ಯ ಹಕ್ಕು ಕಾಯ್ದೆಯು ಹಕ್ಕುಗಳನ್ನು ಗುರುತಿಸುವ ಪ್ರಕ್ರಿಯೆಯನ್ನು ಆರಂಭಿಸುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. ಹೀಗಿದ್ದೂ 2025ರ ಮೇ ತಿಂಗಳಿನಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯ ಜೇನುಕುರುಬ ಕುಟುಂಬಗಳು ತಾವು ಹಿಂದೆ ಬಾಳಿದ ಕಾಡಿಗೆ ಮರಳಿ ಗುಡಿಸಲು ಕಟ್ಟಲು ಮುಂದಾದಾಗ, ಆಡಳಿತದ ಕಣ್ಣಿಗೆ ಅದು ಅತಿಕ್ರಮಣವಾಗಿ ಕಂಡಿತು.

ಹುಲಿಗಳ ರಕ್ಷಣೆ ಮುಖ್ಯವಲ್ಲವೆಂದು ಯಾರೂ ಹೇಳುತ್ತಿಲ್ಲ. ಹಕ್ಕಿನ ಅರ್ಜಿಯನ್ನು ಪರಿಶೀಲಿಸಿ, ಕಾರಣ ಸಹಿತ ಉತ್ತರಿಸುವುದರಿಂದ ಹುಲಿಗೆ ಅಪಾಯವೂ ಇಲ್ಲ. ಸೇವೆಯಲ್ಲಿದ್ದಾಗ ಇಂಥ ಅರ್ಜಿಗಳ ಮೇಲೆ ‘ನಿಯಮಾನುಸಾರ ಪರಿಶೀಲಿಸಿ’ ಎಂದು ಷರಾ ಬರೆದು ಕೆಳಗೆ ಕಳುಹಿಸಿದವರಲ್ಲಿ ನಾನೂ ಒಬ್ಬ. ಅವು ಏನಾದವೆಂದು ಮತ್ತೆ ಕೇಳಿದ ನೆನಪಿಲ್ಲ. ಸಾವಿರಾರು ಮೈಲಿ ಆಚೆಯ ಪ್ರತಿಭಟನೆಯನ್ನು ಕಲೆಯೆಂದು ಆಸ್ವಾದಿಸುವ ನಾವು, ಪಕ್ಕದ ಹಾಡಿಯವರ ಪ್ರತಿಭಟನೆಯನ್ನು ಕಾನೂನು ಮತ್ತು ಸುವ್ಯವಸ್ಥೆಯ ಸಮಸ್ಯೆಯೆಂದು ವರ್ಗೀಕರಿಸುತ್ತೇವೆ.

ಬಾಕಿ ಉಳಿದ ಪ್ರತಿಯೊಂದು ಅರ್ಜಿಗೂ ಕಾಲಮಿತಿಯೊಳಗೆ ಲಿಖಿತ ಉತ್ತರ ದೊರೆಯಲಿ. ತೀರ್ಮಾನ ಹಾಡಿಯಲ್ಲೇ, ಗ್ರಾಮಸಭೆಯ ಮುಂದೆ ಓದಲ್ಪಡಲಿ. ಅಂದು ಗೇಟು ತೆರೆದಾಗ ಕಾರು ಮೊದಲು ಒಳಗೆ ಹೋಯಿತು, ನನ್ನ ವಾಹನ ಅದನ್ನು ಹಿಂಬಾಲಿಸಿತು. ಆ ಹೆಣ್ಣುಮಗಳು ಇನ್ನೂ ಸಿಬ್ಬಂದಿಯೊಂದಿಗೆ ಮಾತನಾಡುತ್ತಿದ್ದಳು.