ಚಿತ್ರಕಲೆಯಲ್ಲೂ ಪಂಕ್ತಿಭೇದವೇ?

ಮೊನ್ನೆ ಗೆಳೆಯನೊಬ್ಬನಿಗೆ ಚೀನಾದ ಲಿ ಜಿನ್ ಬರೆದ ಶಾಯಿಚಿತ್ರವೊಂದನ್ನು ತೋರಿಸಿದೆ. ತಟ್ಟೆಗಳ ತುಂಬ ಮೀನು, ಮಾಂಸ, ಸೊಪ್ಪು. ನಡುನಡುವೆ ಅಡುಗೆ ಮಾಡುವ ಕ್ರಮ ಕೈಬರಹದಲ್ಲಿ... ಅವನು ಅರೆಕ್ಷಣ ನೋಡಿ, "ಇದು ಹೋಟೆಲ್ ಮೆನು ಥರ ಇದೆ. ಚೀನಾದವರು ಮೋಡ, ಬೆಟ್ಟ ಬರೀತಿದ್ರಲ್ಲ, ಅದು ಕಲೆ ಕಣೋ" ಅಂದ. ಅವತ್ತು ಸುಮ್ಮನಿದ್ದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಬೆಟ್ಟ ಮೇಲು, ಕೋಸು ಕೀಳು ಅನ್ನುವ ಈ ಪಂಕ್ತಿಭೇದ ಹಳೆಯದು. ಚಿ ಬೈಶಿಯನ್ನೇ ನೋಡಿ. 1864ರಲ್ಲಿ ಹುನಾನ್‌ನ ಬಡ ರೈತರ ಮನೆಯಲ್ಲಿ ಹುಟ್ಟಿ, ಬಡಗಿ ಕೆಲಸ ಮಾಡಿ ಬೆಳೆದವನು. ಬರೆದದ್ದು ಕೋಸು, ಮೂಲಂಗಿ, ಮೆಣಸಿನಕಾಯಿ, ಸೀಗಡಿ. ಹೂಗಳಲ್ಲಿ ಪಿಯೊನಿ ರಾಜನಾದರೆ ತರಕಾರಿಗಳಲ್ಲಿ ಕೋಸು ಯಾಕೆ ರಾಜನಲ್ಲ ಅಂತ ಕೋಸಿನ ಚಿತ್ರದ ಮೇಲೇ ತಕರಾರು ಬರೆದಿಟ್ಟವನು!

"ಇದನ್ನ ಮಕ್ಕಳೂ ಬರೀತಾರೆ" ಅನ್ನುವವರಿಗೆ ಒಂದು ಮಾತು. ಹದ ಮಾಡದ ಶುವಾನ್ ಕಾಗದ ಶಾಯಿ ತಾಗಿದ ಕೂಡಲೇ ಹೀರಿಕೊಳ್ಳುತ್ತದೆ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಕೈ ತಡೆದರೆ ಕಲೆ ಹರಡುತ್ತದೆ. ಚಿ ಬೈಶಿ ಮನೆಯಲ್ಲಿ ಸೀಗಡಿ ಸಾಕಿಕೊಂಡು ನೋಡಿದ. ವರ್ಷ ಕಳೆದಂತೆ ಚಿತ್ರದ ಸೀಗಡಿಯ ಕಾಲುಗಳನ್ನು ಕಡಿಮೆ ಮಾಡುತ್ತ ಹೋದ. ನೀರನ್ನಂತೂ ಬರೆಯಲೇ ಇಲ್ಲ. ಆದರೂ ಅವು ಈಜುತ್ತವೆ ಸ್ವಾಮಿ!

ಇನ್ನು ಕೆಲವರದು ಬೇರೆ ರಾಗ. ಇಂಥ ಚಿತ್ರಗಳು ದೇಶದ ಕಷ್ಟಸುಖಕ್ಕೆ ಬೆನ್ನು ಹಾಕುತ್ತವಂತೆ. ಹ್ವಾಂಗ್ ಯೊಂಗ್‌ಯು ಒಂದು ಕಣ್ಣು ಮುಚ್ಚಿದ ಗೂಬೆಯನ್ನು ಬರೆದಿದ್ದರು. ಅಷ್ಟೇ, ಒಂದು ಗೂಬೆ. 1974ರಲ್ಲಿ ಬೀಜಿಂಗಿನಲ್ಲಿ ಅದನ್ನು "ಕಪ್ಪು ಚಿತ್ರ"ಗಳ ಸಾಲಿಗೆ ಸೇರಿಸಿ, ಜನರೆದುರು ತೂಗುಹಾಕಿ, ಹೀಯಾಳಿಸಿದರು. ಸರಳ ಚಿತ್ರ ಏನೂ ಹೇಳುವುದಿಲ್ಲ ಅಂತಾದರೆ ಅಧಿಕಾರದಲ್ಲಿದ್ದವರಿಗೆ ಅಷ್ಟು ಉರಿ ಯಾಕೆ ಹತ್ತಬೇಕಿತ್ತು?

ಹಾಗಂತ ಕೋಸು ಬರೆದವರೆಲ್ಲ ದೊಡ್ಡ ಕಲಾವಿದರು ಅನ್ನುತ್ತಿಲ್ಲ. 'ಹಳೇ ಮರ' ಅನ್ನುವ ಅರ್ಥದ ಲಾವೊ ಶು ಎಂಬ ಹೆಸರಿನಲ್ಲಿ ಬರೆಯುವ ಕಲಾವಿದರೊಬ್ಬರಿದ್ದಾರೆ. ನಿಲುವಂಗಿ ತೊಟ್ಟ, ಮುಖವೇ ಇಲ್ಲದ ಮನುಷ್ಯ, ಹೂವು, ಪಕ್ಕದಲ್ಲಿ ನಾಲ್ಕು ಸಾಲಿನ ತಮಾಷೆ ಪದ್ಯ. ಚೀನಾದ ವೇಯ್ಬೊದಲ್ಲಿ ಬಹಳ ಜನ ಮೆಚ್ಚಿದರು. ನನಗೂ ಇಷ್ಟ. ಆದರೆ ಅದೇ ಮನುಷ್ಯ, ಅದೇ ಹೂವು ಮತ್ತೆ ಮತ್ತೆ ಬಂದಾಗ ಬೇಸರವಾಗುತ್ತೆ. ನನ್ನ ಆ ದೂರು ಕೆಲಸದ ಮೇಲೆ, ವಿಷಯದ ಮೇಲಲ್ಲ. ಬೇಸರ ಬರಿಸುವ ಬೆಟ್ಟಗಳೂ ಬೇಕಾದಷ್ಟಿವೆ.

ಕೊನೆಗೊಂದು ತಮಾಷೆ. 2017ರಲ್ಲಿ ಬೀಜಿಂಗಿನ ಹರಾಜಿನಲ್ಲಿ ಚಿ ಬೈಶಿಯ ಕೃತಿಯೊಂದು 93 ಕೋಟಿ ಯುವಾನ್‌ಗೂ ಹೆಚ್ಚಿಗೆ ಮಾರಾಟವಾಯಿತು. ಕೋಸಲ್ಲ, ಸೀಗಡಿಯೂ ಅಲ್ಲ. ಬೆಟ್ಟಗುಡ್ಡಗಳ ಹನ್ನೆರಡು ಪಟಗಳು! ಕೋಸಿನ ಪರ ವಾದಿಸಿದವನಿಗೂ ಸಂತೆಯಲ್ಲಿ ಪಂಕ್ತಿಭೇದ ತಪ್ಪಲಿಲ್ಲ.

ಗೆಳೆಯಾ, ಇವತ್ತು ಮನೆಗೆ ಹೋಗಿ ಅಡುಗೆಮನೆಯ ಕೋಸನ್ನು ಐದು ನಿಮಿಷ ನೋಡು. ಹತ್ತು ಗೆರೆಯಲ್ಲಿ ಬರಿ, ರಬ್ಬರ್ ಮುಟ್ಟಬೇಡ. ಆಮೇಲೆ ಜಗಳಕ್ಕೆ ಬಾ.