ಬಟ್ಟೆ ಒಣಗುವಾಗ ಮಾತ್ರ ಮಾತಾಡಿದ ಫೋನು

ಮಕ್ಕಳೇ, ಇದು 2004ರ ಚಳಿಗಾಲದ ಮಾತು. ನಾವಿಬ್ಬರೂ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಗೆ ಹೋಗಿದ್ದೆವು. ಹೋದ ಎರಡನೇ ವಾರವೇ ನಮ್ಮ ಮನೆಯ ಅಜ್ಜಿ ಹಿಮದ ಮೇಲೆ ಜಾರಿ ಬಿದ್ದು ಪಾದ ಉಳುಕಿಸಿಕೊಂಡಳು. ನಮ್ಮ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ, ಫೋನು ಇದ್ದದ್ದು ಮೇಲೆ. ಮೆಟ್ಟಿಲು ಹತ್ತುವಂತಿಲ್ಲ.

ದಿನಾ ಬೆಳಿಗ್ಗೆ 9 ಗಂಟೆಗೆ, ಅಂದರೆ ನಮ್ಮೂರಿನ ಸಂಜೆ ಏಳೂವರೆಗೆ, ಸಾಗರದಲ್ಲಿದ್ದ ಅವಳ ಅಕ್ಕನಿಗೆ ಫೋನು ಮಾಡುವುದು ವಾಡಿಕೆ. ಈಗ ನಾನೇ ಮೇಲೆ ಹೋಗಿ ಮಾತಾಡಿ ಬರುತ್ತಿದ್ದೆ. ಮೂರನೇ ದಿನ ಅಕ್ಕ ಅಳುವುದಕ್ಕೇ ಶುರುಮಾಡಿದರು. “ಪಾದ ಉಳುಕಿದರೆ ಬಾಯಿಗೇನಾಗಿದೆ? ನನ್ನ ತಂಗಿಗೆ ಏನೋ ಆಗಿದೆ, ನೀವು ಮುಚ್ಚಿಡ್ತಾ ಇದ್ದೀರಿ.” ನಾನು ಎಷ್ಟು ಆಣೆ ಹಾಕಿದರೂ ನಂಬಲಿಲ್ಲ.

ಆ ಸಂಜೆ ಅಳಿಯ ಅಂಗಡಿಯಿಂದ ಎರಡು ಸಣ್ಣ ಡಬ್ಬಿ ತಂದ. ಒಂದನ್ನು ಮೇಲಿನ ಫೋನಿನ ಜಾಕಿಗೆ ಸೇರಿಸಿ ಪಕ್ಕದ ಪ್ಲಗ್ಗಿಗೆ ಹಾಕುವುದು, ಇನ್ನೊಂದನ್ನು ನೆಲಮಾಳಿಗೆಯ ಪ್ಲಗ್ಗಿಗೆ ಹಾಕಿ ಅದಕ್ಕೆ ಫೋನು ಜೋಡಿಸುವುದು. ವೈರ್‌ಲೆಸ್ ಜಾಕ್ ಎಂದು ಹೆಸರು. ಆದರೆ ಮಾತು ಹೋಗುವುದು ತಂತಿಯಲ್ಲೇ, ಗೋಡೆಯೊಳಗಿನ ಕರೆಂಟಿನ ತಂತಿಯಲ್ಲಿ! ಅಲ್ಲಿನ ಕರೆಂಟು ಸೆಕೆಂಡಿಗೆ 60 ಸಲ ತೂಗಾಡುತ್ತದೆ. ಡಬ್ಬಿ ನಮ್ಮ ದನಿಯನ್ನು ಸೆಕೆಂಡಿಗೆ ಲಕ್ಷಾಂತರ ಸಲ ನಡುಗುವ ಅಲೆಯ ಮೇಲೆ ಕೂರಿಸಿ ಅದೇ ತಂತಿಗೆ ಬಿಡುತ್ತದೆ. ನಗಾರಿ ಬಾರಿಸುವಾಗಲೂ ಗೆಜ್ಜೆಯ ಸದ್ದು ಬೇರೆಯಾಗಿ ಕೇಳುತ್ತದಲ್ಲ, ಹಾಗೆ.

ಜೋಡಿಸಿ ಎತ್ತಿದರೆ ಫೋನು ಸತ್ತಂತಿತ್ತು.

ಮರುದಿನ ಹಿಮ ಬಿದ್ದು ಶಾಲೆಗೆ ರಜೆ. ನಾನೂ ಒಂಬತ್ತು ವರ್ಷದ ಮೊಮ್ಮಗಳೂ ಪತ್ತೇದಾರಿಕೆಗೆ ಇಳಿದೆವು. ಕೆಳಗಿನ ಫೋನನ್ನು ಮೇಲಿನ ಜಾಕಿಗೇ ನೇರವಾಗಿ ಹಾಕಿದೆವು. ಡಯಲ್ ಟೋನ್ ಬಂತು. ಅಂದರೆ ಫೋನಿನ ತಪ್ಪಿಲ್ಲ. ಎರಡೂ ಡಬ್ಬಿಗಳನ್ನು ಒಂದೇ ಕೋಣೆಯಲ್ಲಿ ಹಾಕಿ ನೋಡಿದೆವು. ಸ್ಪಷ್ಟವಾಗಿ ಕೇಳಿತು. ಡಬ್ಬಿಗಳದೂ ತಪ್ಪಿಲ್ಲ. ಹಾಗಾದರೆ ದಾರಿಯಲ್ಲೇ ಏನೋ ಆಗಿದೆ.

ಆಗ ಕಣ್ಣಿಗೆ ಬಿತ್ತು: ಅಳಿಯ ಮೇಲಿನ ಡಬ್ಬಿಯನ್ನು ಟಿ.ವಿ. ಪಕ್ಕದ ಸರ್ಜ್ ಪ್ರೊಟೆಕ್ಟರ್ ಪಟ್ಟಿಗೆ ಹಾಕಿದ್ದ. ಕರೆಂಟಿನ ಏಟಿನಿಂದ ಯಂತ್ರಗಳನ್ನು ಕಾಯುವ ಪಟ್ಟಿ ಅದು. ಇಂಥ ಚುರುಕು ಅಲೆಗಳನ್ನೂ ನುಂಗಿಬಿಡುತ್ತದೆ. ಕಿತ್ತು ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆವು. ಈಗ ದೂರದ ಜೇನುಗೂಡಿನಂಥ ಗುಂಯ್ ಸದ್ದು ಮಾತ್ರ.

ಸೋತು ಕೂತೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೊಮ್ಮಗಳು ಕೂಗಿದಳು, “ಅಜ್ಜಾ, ಬಂತು!” ಓಡಿಹೋಗಿ ಕಿವಿಗಿಟ್ಟರೆ ನಿಜಕ್ಕೂ ಡಯಲ್ ಟೋನು. ಮುಕ್ಕಾಲು ಗಂಟೆ ಇತ್ತು, ಆಮೇಲೆ ಹೋಯಿತು. ಹುಡುಗಿ ಹಣೆ ಸುಕ್ಕು ಮಾಡಿಕೊಂಡು ಯೋಚಿಸಿ ಹೇಳಿದಳು: “ಅಜ್ಜಾ, ಬಟ್ಟೆ ಒಣಗಿಸೋ ಮೆಷಿನ್ ಈಗ ನಿಂತಿತು.” ನಾನು ನಕ್ಕೆ. ಅವಳು ಹೋಗಿ ಮೆಷಿನ್ ಹಾಕಿದಳು. ಫೋನು ಬಂತು. ನಿಲ್ಲಿಸಿದಳು. ಫೋನು ಹೋಯಿತು. ನಗು ನಿಂತಿತು.

ಸಂಜೆ ಅಳಿಯ ಬಂದಮೇಲೆ ಗುಟ್ಟು ಬಯಲಾಯಿತು. ನಮ್ಮೂರಿನ ಕೆಲವು ಮನೆಗಳಿಗೆ ಮೂರು ಫೇಸ್ ಬರುತ್ತದೆ. ಒಂದು ಹೋದರೆ ಅಡುಗೆಮನೆ ಕತ್ತಲೆ, ನಡುಮನೆಯಲ್ಲಿ ದೀಪ. ಅಲ್ಲಿನ ಮನೆಗೆ 120 ವೋಲ್ಟಿನ ಎರಡು ತಂತಿ ಬರುತ್ತವೆ. ಅರ್ಧ ಪ್ಲಗ್ಗುಗಳು ಒಂದರ ಮೇಲೆ, ಅರ್ಧ ಇನ್ನೊಂದರ ಮೇಲೆ. ನಮ್ಮ ಡಬ್ಬಿಗಳು ಒಂದೊಂದು ತಂತಿಯ ಮೇಲೆ ಕೂತಿದ್ದವು, ಹೊಳೆಯ ಆಚೆ ಈಚೆ ನಿಂತವರ ಹಾಗೆ. ಬಟ್ಟೆ ಒಣಗಿಸುವ ಯಂತ್ರಕ್ಕೆ 240 ವೋಲ್ಟ್ ಬೇಕು. ಅದು ಎರಡೂ ತಂತಿಗಳಿಂದ ಕರೆಂಟು ಎಳೆಯುತ್ತದೆ. ಓಡುವಾಗ ಅದರೊಳಗಿನ ಕಾಯುವ ಸುರುಳಿಯೇ ಎರಡು ತಂತಿಗಳ ನಡುವೆ ಸಂಕವಾಗುತ್ತದೆ. ನಮ್ಮ ದನಿ ಆ ಸಂಕದ ಮೇಲೆ ದಾಟುತ್ತಿತ್ತು!

ಅಳಿಯ ಮೀಟರ್ ಪೆಟ್ಟಿಗೆ ಪಕ್ಕದ ಸ್ವಿಚ್ಚುಗಳ ಪಟ್ಟಿ ನೋಡಿ (ಇದು ದೊಡ್ಡವರ ಕೆಲಸ, ನೀವು ಮುಟ್ಟಬೇಡಿ) ಅಡುಗೆಮನೆಯ ಪ್ಲಗ್ಗು ನೆಲಮಾಳಿಗೆಯ ತಂತಿಯದೇ ಎಂದ. ಅಲ್ಲಿಯೂ ಗೋಡೆಯಲ್ಲೊಂದು ಫೋನ್ ಜಾಕ್ ಇತ್ತು. ಡಬ್ಬಿ ಅಲ್ಲಿಗೆ ಹೋಯಿತು. “ಊರಿಗೂ ಒಂದು ಜೊತೆ ಒಯ್ಯೋಣ,” ಎಂದಳು ಅಜ್ಜಿ. ನಮ್ಮ 230 ವೋಲ್ಟಿಗೆ ಅದು ಹೊಗೆಯಾಡುತ್ತದೆ ಎಂದು ತಿಳಿಸಬೇಕಾಯಿತು.

ಬೆಳಿಗ್ಗೆ 9 ಗಂಟೆ. ಅಜ್ಜಿ ಮಂಚದ ಮೇಲೆ ಕಾಲು ಚಾಚಿಕೊಂಡೇ ಸಾಗರಕ್ಕೆ ಫೋನು ಹಚ್ಚಿದಳು. ಅವಳ “ಅಕ್ಕಾ” ಕೇಳಿದ್ದೇ ತಡ, ಆ ಕಡೆಯಿಂದ ಬಂದ ದನಿ ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು.

“ಅಂತೂ ಮೆಟ್ಟಿಲು ಹತ್ತಿ ಬಂದೆಯಾ?”

“ಇಲ್ಲಕ್ಕಾ, ಫೋನೇ ಇಳಿದು ಬಂತು.”